ಸ್ವಂತ ಖರ್ಚಿನ ನಗೆ ಪುಸ್ತಕ: ಇಮೇಲ್ ಪತ್ರ ಬರೆದು ಮಾರುವ ಬಗೆ

ಕಳೆದ ವರ್ಷ ನಮ್ಮ ಭಾವ ವಾಟ್ಸಾಪಿನಲ್ಲಿ ಒಂದು ನಗೆ ಬರಹ ಕಳಿಸಿದರು. ಕೆಳಗೆ ಒಂದು ಸಾಲು: "ನೋಡು, ಎಷ್ಟು ಚೆನ್ನಾಗಿ ಬರೆದಿದಾರೆ. ನೀನೂ ಹೀಗೆ ಬರೆಯೋದು ಕಲಿ." ಓದಿ ನೋಡಿದೆ. ಅದು ನಾನೇ ಬರೆದದ್ದು. ನನ್ನ ಪುಸ್ತಕದ ನಾಲ್ಕನೇ ಪ್ರಬಂಧ. ಯಾರೋ ಪುಣ್ಯಾತ್ಮರು ಪೂರ್ತಿ ಟೈಪ್ ಮಾಡಿದ್ದರು, ಹೆಸರು ಮಾತ್ರ ಬಿಟ್ಟಿದ್ದರು. ಎಷ್ಟು ಗುಂಪು ಸುತ್ತಿ ಬಂದಿತ್ತೋ ಏನೋ, ಮೇಲೆ ಜೋಡಿ ಬಾಣದ ಗುರುತೂ ಇತ್ತು. ಅದೇ ಹೊತ್ತಿಗೆ ಆ ಪುಸ್ತಕದ ಮುನ್ನೂರು ಚಿಲ್ಲರೆ ಪ್ರತಿಗಳು ನಮ್ಮ ಮಂಚದ ಕೆಳಗೆ ಬಂಡಲಿನಲ್ಲಿ ತಣ್ಣಗೆ ಕೂತಿದ್ದವು.

ನಗೆ ಬರಹದ ಹಣೆಬರಹ ಇದು. ಕವನ ಕದ್ದರೆ ಜಗಳ ಆಗುತ್ತದೆ. ಜೋಕು ಕದ್ದವರಿಗೆ ಕದ್ದೆ ಅಂತ ಅನ್ನಿಸುವುದೇ ಇಲ್ಲ. ಊರೆಲ್ಲ ನಗುತ್ತದೆ, ನಗಿಸಿದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹೆಸರು ಗೊತ್ತಿಲ್ಲದ ಮೇಲೆ ಪುಸ್ತಕ ಕೊಳ್ಳುವುದು ಹೇಗೆ?

ಅವತ್ತಿನಿಂದ ನಾನು ಮೇಲ್ ಹಿಡಿದೆ. ಮೇಲ್ ತೆರೆದ ಕೂಡಲೇ ಕಾಣುವುದು ಕಳಿಸಿದವರ ಹೆಸರು. ಬೇರೆಯವರಿಗೆ ಫಾರ್ವರ್ಡ್ ಮಾಡಿದರೂ ಅದು ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ. ಇನ್ನೊಂದು ಲಾಭ, ಓದುಗರ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ಫೇಸ್‌ಬುಕ್ ನಾಳೆ ನಿಮ್ಮ ಪೋಸ್ಟನ್ನು ಹತ್ತು ಜನರಿಗೆ ತೋರಿಸಿ ಸುಮ್ಮನಾದರೆ ನೀವು ಕೇಳುವ ಹಾಗಿಲ್ಲ. ಹಾಗೆ ನೋಡಿದರೆ ಇದು ಕನ್ನಡದ ಓದುಗರಿಗೆ ಹೊಸದಲ್ಲ. ರಾಶಿಯವರ ಹಾಸ್ಯ ಪತ್ರಿಕೆ 'ಕೊರವಂಜಿ' 1942ರಿಂದ 1967ರವರೆಗೆ, ಬರೋಬ್ಬರಿ 25 ವರ್ಷ ನಗೆಯನ್ನೇ ತಿಂಗಳು ತಿಂಗಳು ಓದುಗರಿಗೆ ತಲುಪಿಸಿತು. ನಾವು ಮಾಡುವುದೂ ಅದೇ ಕೆಲಸ, ಬಹಳ ಸಣ್ಣ ಪ್ರಮಾಣದಲ್ಲಿ. ಸಂಪಾದಕರು, ಲೇಖಕರು, ಅಂಚೆಯಣ್ಣ ಮೂವರೂ ನಾವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಗೆ ಪುಸ್ತಕ ಕೊಳ್ಳುವವರು ವಿಷಯ ನೋಡಿ ಕೊಳ್ಳುವುದಿಲ್ಲ, ಬರೆದವರ ಮಾತಿನ ಧಾಟಿ ನೋಡಿ ಕೊಳ್ಳುತ್ತಾರೆ. ಅಡುಗೆ ಪುಸ್ತಕಕ್ಕೆ "ನೂರು ಬಗೆಯ ಚಿತ್ರಾನ್ನ" ಅಂತ ಜಾಹೀರಾತು ಕೊಡಬಹುದು. ನಗೆ ಪುಸ್ತಕಕ್ಕೆ "ಹೊಟ್ಟೆ ಹುಣ್ಣಾಗುವಷ್ಟು ನಗು" ಅಂತ ಕೊಟ್ಟರೆ ಓದುವವರ ಮುಖ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ನೀವು ಕಳಿಸುವ ಪತ್ರವೇ ನಗಿಸಬೇಕು. ನಾಲ್ಕು ಪತ್ರಕ್ಕೆ ನಕ್ಕವರು ಐದನೆಯದಕ್ಕೆ ಪರ್ಸು ತೆಗೆಯುತ್ತಾರೆ.

ಮೊದಲು ಪಟ್ಟಿ

ಪುಸ್ತಕ ಅಚ್ಚಿಗೆ ಹೋಗುವ ಮೂರು ತಿಂಗಳ ಮೊದಲೇ ಪಟ್ಟಿ ಶುರು ಮಾಡಿ. ಪುಸ್ತಕ ಬಂದ ಮೇಲೆ ಓದುಗರನ್ನು ಹುಡುಕುವುದು ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಹಂಚಿದ ಹಾಗೆ.

ಫೋನಿನಲ್ಲಿರುವ ಎಲ್ಲ ವಿಳಾಸಗಳನ್ನೂ ಎತ್ತಿ ಪಟ್ಟಿಗೆ ಸುರಿಯುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಗ್ಯಾಸ್ ಏಜೆನ್ಸಿಯವರಿಗೂ ಹಳೆಯ ಮೇನೇಜರಿಗೂ ನಿಮ್ಮ ಹಾಸ್ಯ ಬೇಕಿಲ್ಲ. ಕೇಳದೆ ಕಳಿಸಿದರೆ ಅವರು "ಸ್ಪ್ಯಾಮ್" ಒತ್ತುತ್ತಾರೆ. ಹಾಗೆ ಕೆಲವರು ಒತ್ತಿದರೆ ಸಾಕು, ಬೇಕು ಅಂದವರಿಗೂ ನಿಮ್ಮ ಪತ್ರ ಕಸದ ಡಬ್ಬಿಗೆ ಬೀಳತೊಡಗುತ್ತದೆ. ಜೊತೆಗೆ ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ಮುಖ್ಯ ತಿರುಳೇ ಒಪ್ಪಿಗೆ. ಕೇಳಿ ಸೇರಿಸಿಕೊಂಡ ಐವತ್ತು ಜನ, ಕೇಳದೆ ಸೇರಿಸಿದ ಐನೂರಕ್ಕಿಂತ ಮೇಲು.

ಹಾಗಾದರೆ ಎಲ್ಲಿಂದ ತರುವುದು? ಆಪ್ತರಿಗೆ ಒಬ್ಬೊಬ್ಬರಿಗೇ ಕೇಳಿ: "ಹದಿನೈದು ದಿನಕ್ಕೊಮ್ಮೆ ಒಂದು ಸಣ್ಣ ನಗೆ ಪತ್ರ ಬರೀತೀನಿ, ಕಳಿಸ್ಲಾ?" ಬೇಡ ಅಂದವರ ಮೇಲೆ ಮುನಿಸಿಕೊಳ್ಳಬೇಡಿ. ಪತ್ರಿಕೆಯಲ್ಲೋ ಫೇಸ್‌ಬುಕ್ಕಿನಲ್ಲೋ ನಿಮ್ಮ ಬರಹ ಬಂದಾಗ ಕೊನೆಯಲ್ಲಿ ಪಟ್ಟಿಗೆ ಸೇರುವ ಲಿಂಕ್ ಹಾಕಿ.

ಬಿಡುಗಡೆ ಸಮಾರಂಭಕ್ಕೆ ಒಂದು ನೋಟ್‌ಬುಕ್ ಇಟ್ಟುಕೊಂಡು ಹೋಗಿ, ಆದರೆ ಅದನ್ನೇ ನಂಬಬೇಡಿ. ಕೈಬರಹದಲ್ಲಿ ಇಮೇಲ್ ವಿಳಾಸ ತೆಗೆದುಕೊಳ್ಳುವುದು ದೊಡ್ಡ ತಲೆನೋವು. ಅದು ಸೊನ್ನೆಯೋ 'ಓ' ಅಕ್ಷರವೋ, ಚುಕ್ಕಿಯೋ ಪೆನ್ನಿನ ಕಲೆಯೋ ಗೊತ್ತಾಗುವುದಿಲ್ಲ. ಅವರ ಎದುರಿಗೇ ಒಮ್ಮೆ ಓದಿ ಹೇಳಿ. ಅದಕ್ಕಿಂತ ಒಳ್ಳೆಯದು ಒಂದು ಕ್ಯೂಆರ್ ಕೋಡ್. ಅದು ಹೆಸರು ಮತ್ತು ಇಮೇಲ್ ಎರಡೇ ಕೇಳುವ ಫಾರ್ಮಿಗೆ ಹೋಗಬೇಕು. ವಯಸ್ಸು, ಊರು, ಉದ್ಯೋಗ ಎಲ್ಲ ಕೇಳಿದರೆ ಜನಗಣತಿಯವರು ಬಂದರು ಅಂತ ಓಡಿಹೋಗುತ್ತಾರೆ.

ಎಲ್ಲಕ್ಕಿಂತ ಒಳ್ಳೆಯ ಜಾಗ ನಿಮ್ಮ ಪುಸ್ತಕದ ಕೊನೆಯ ಪುಟ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ. ಹಾಗಾಗಿ ಕೊನೆಗೆ ಒಂದೆರಡು ಪುಟ ಖಾಲಿ ಉಳಿಯುತ್ತವೆ. ಅಲ್ಲಿ ಕ್ಯೂಆರ್ ಕೋಡ್ ಹಾಕಿ, ಕೆಳಗೆ ಹೀಗೆ ಬರೆಯಿರಿ: "ಈ ಪುಸ್ತಕದಿಂದ ಕೈಬಿಟ್ಟ ಒಂದು ಪ್ರಬಂಧ ಇಲ್ಲಿದೆ. ಯಾಕೆ ಕೈಬಿಟ್ಟೆ ಎಂದು ಓದಿದ ಮೇಲೆ ನಿಮಗೇ ಗೊತ್ತಾಗುತ್ತದೆ." ಪುಸ್ತಕ ಮುಗಿಸಿ ಕೊನೆಯ ಪುಟಕ್ಕೆ ಬಂದವರು ಆಗಲೇ ನಿಮ್ಮವರಾಗಿರುತ್ತಾರೆ. ಕೋಡ್ ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ. ಅಚ್ಚಿಗೆ ಕೊಡುವ ಮೊದಲು ಒಂದು ಪ್ರಿಂಟ್ ತೆಗೆದು ಎರಡು ಮೂರು ಫೋನುಗಳಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಕಳಿಸುವುದು ಯಾವುದರಿಂದ?

ನನ್ನ ಮೊದಲ ಪತ್ರವನ್ನು ಮಾಮೂಲಿ ಜಿಮೇಲ್‌ನಿಂದಲೇ ಕಳಿಸಿದೆ. ಇನ್ನೂರು ವಿಳಾಸಗಳನ್ನು 'ಬಿಸಿಸಿ'ಯಲ್ಲಿ ಹಾಕುವ ಬದಲು 'ಸಿಸಿ'ಯಲ್ಲಿ ಹಾಕಿಬಿಟ್ಟೆ. ಎಲ್ಲರಿಗೂ ಎಲ್ಲರ ವಿಳಾಸ ಕಂಡಿತು. ಒಬ್ಬರು "ಅಭಿನಂದನೆಗಳು" ಅಂತ 'ರಿಪ್ಲೈ ಆಲ್' ಒತ್ತಿದರು. ಮಧ್ಯಾಹ್ನದೊಳಗೆ ನಲವತ್ತು ಅಭಿನಂದನೆ ಬಂದವು. ಸಂಜೆ ಒಬ್ಬರು "ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ" ಅಂತ ಎಲ್ಲರಿಗೂ ಉತ್ತರಿಸಿದರು. ರಾತ್ರಿ ಹಿರಿಯರೊಬ್ಬರು ಅದೇ ಸರಪಳಿಯಲ್ಲಿ ಮಗಳ ಜಾತಕ ಕಳಿಸಿದರು. ಅವತ್ತಿನ ಪತ್ರ ವ್ಯವಹಾರದಲ್ಲಿ ನನ್ನ ಬರಹ ಬಿಟ್ಟು ಉಳಿದದ್ದೆಲ್ಲ ನಗು ತರಿಸುವಂತಿತ್ತು.

ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಹೆಚ್ಚಿಗೆ ಕಳಿಸಲು ಬರುವುದೂ ಇಲ್ಲ. ಇದಕ್ಕೆಂದೇ ಇರುವ ಸೇವೆಗಳಲ್ಲಿ ಒಂದನ್ನು ಹಿಡಿಯಿರಿ: ಮೇಲ್‌ಚಿಂಪ್, ಮೇಲರ್‌ಲೈಟ್, ಬಟನ್‌ಡೌನ್, ಸಬ್‌ಸ್ಟ್ಯಾಕ್. ಸಬ್‌ಸ್ಟ್ಯಾಕ್‌ನಲ್ಲಿ ಉಚಿತ ಪತ್ರಕ್ಕೆ ದುಡ್ಡಿಲ್ಲ, ಓದುಗರಿಂದ ಚಂದಾ ಪಡೆದರೆ ಅದರಲ್ಲಿ ಶೇ. 10 ಅವರಿಗೆ. ಉಳಿದವುಗಳಲ್ಲಿ ಇಷ್ಟು ಜನರವರೆಗೆ ಉಚಿತ ಎಂಬ ಮಿತಿ ಇರುತ್ತದೆ. ಆ ಮಿತಿ ಆಗಾಗ ಬದಲಾಗುತ್ತದೆ, ಸೇರುವ ದಿನ ನೋಡಿಕೊಳ್ಳಿ. ನಾನು ಆರಿಸುವಾಗ ನೋಡಿದ್ದು ಒಂದೇ ಸಂಗತಿ. ಪಟ್ಟಿಯನ್ನು ಬೇಕೆಂದಾಗ ಸಿಎಸ್‌ವಿ ಕಡತವಾಗಿ (ಎಕ್ಸೆಲ್ಲಿನಲ್ಲಿ ತೆರೆಯುವಂಥದ್ದು) ಇಳಿಸಿಕೊಳ್ಳಲು ಬಿಡುತ್ತಾರಾ? ಬಿಡದಿದ್ದರೆ ಅದು ನಿಮ್ಮ ಪಟ್ಟಿಯಲ್ಲ.

ಸಾಧ್ಯವಾದರೆ ನಿಮ್ಮದೇ ಒಂದು ಡೊಮೇನ್ ಹೆಸರು (ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಕೊಂಡುಕೊಳ್ಳಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಆ ಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಡೊಮೇನಿಗೆ ಸೇರಿಸಬೇಕು. ಹೆಸರು ಕೇಳಿ ಹೆದರಬೇಡಿ. ಮೊದಲನೆಯದು, ನನ್ನ ಹೆಸರಿನಲ್ಲಿ ಮೇಲ್ ಕಳಿಸಲು ಇಂಥವರಿಗೆ ಅನುಮತಿ ಇದೆ ಎನ್ನುವ ಚೀಟಿ. ಎರಡನೆಯದು ಲಕೋಟೆಯ ಮೇಲಿನ ಅರಗಿನ ಮುದ್ರೆಯಂತೆ, ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ಹೇಳುತ್ತದೆ. ಮೂರನೆಯದು, ಈ ಎರಡೂ ಸರಿಯಿಲ್ಲದ ಮೇಲ್ ಬಂದರೆ ಏನು ಮಾಡಬೇಕು ಎಂಬ ಸೂಚನೆ. ಸಾಮಾನ್ಯವಾಗಿ ನೀವು ಸೇರಿದ ಸೇವೆಯವರೇ ಆ ಸಾಲುಗಳನ್ನು ಕೊಡುತ್ತಾರೆ, ಡೊಮೇನ್ ಕೊಂಡ ಕಡೆ ಅಂಟಿಸಿದರೆ ಆಯಿತು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ವ್ಯವಸ್ಥೆಯೂ ಇರಬೇಕು. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು. ಕನ್ನಡದ ನಗೆ ಲೇಖಕರಿಗೆ 5,000 ಓದುಗರು ಆಗುವಷ್ಟರಲ್ಲಿ ಮೊಮ್ಮಕ್ಕಳಾಗಿರುತ್ತಾರೆ, ನಿಜ. ಆದರೂ ಮೊದಲ ದಿನವೇ ಮೂರೂ ಮಾಡಿಟ್ಟರೆ ಪತ್ರ ಕಸದ ಡಬ್ಬಿಗೆ ಬೀಳುವುದು ಕಡಿಮೆಯಾಗುತ್ತದೆ.

ಪತ್ರದ ತುದಿಯಲ್ಲಿ ಅಂಚೆ ವಿಳಾಸ ಹಾಕಿ ಎಂದು ಹಲವು ಸೇವೆಗಳು ಕೇಳುತ್ತವೆ. ಅಮೆರಿಕದ 2003ರ ಕಾನೂನೊಂದರಿಂದ ಬಂದ ರೂಢಿ ಅದು. ಮನೆ ವಿಳಾಸ ಹಾಕಲು ಇಷ್ಟವಿಲ್ಲದಿದ್ದರೆ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಗ್ಗೆ ವಿಚಾರಿಸಿ.

ನುಡಿ, ಯೂನಿಕೋಡ್ ಮತ್ತು ಕಿರೀಟ ಹೊತ್ತ ಅಕ್ಷರಗಳು

ಪುಸ್ತಕದ ಕಡತ ಡಿಟಿಪಿಯವರ ಹತ್ತಿರ ಇರುತ್ತದೆ. ಅದು ಹೆಚ್ಚಾಗಿ ನುಡಿಯಂಥ ಹಳೆಯ ಆಸ್ಕಿ ಅಕ್ಷರದಲ್ಲಿರುತ್ತದೆ. ಅದರಿಂದ ಒಂದು ಪ್ಯಾರಾ ಎತ್ತಿ ಮೇಲ್‌ಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು ಕಿರೀಟ, ಚುಕ್ಕಿ, ಬಾಲ ಹೊತ್ತುಕೊಂಡು ಸಾಲಾಗಿ ನಿಲ್ಲುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇದ್ದರೆ ಸರಿಯಾಗಿಯೇ ಕಾಣಬಹುದು. ಓದುಗರ ಫೋನಿನಲ್ಲಿ ಕಾಣುವುದಿಲ್ಲ. ಆಸ್ಕಿಯಿಂದ, ಎಲ್ಲ ಫೋನಿನಲ್ಲೂ ಕಾಣುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಕರಡು ತಿದ್ದಲೇಬೇಕು. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ಬಿಟ್ಟು ಜಾರಿರುತ್ತವೆ. ನಗೆ ಬರಹದಲ್ಲಿ ಒಂದು ಒತ್ತು ಜಾರಿದರೆ ಜೋಕೂ ಜಾರುತ್ತದೆ.

ಮುಖಪುಟ, ಬೆಲೆ, ಫೋನ್ ನಂಬರ್ ಎಲ್ಲ ಸೇರಿಸಿದ ದೊಡ್ಡ ಪೋಸ್ಟರನ್ನು ಚಿತ್ರವಾಗಿ ಮಾಡಿ ಅದೊಂದನ್ನೇ ಕಳಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಕಳಿಸಬೇಡಿ. ಚಿತ್ರ ತೆರೆಯದಿದ್ದರೆ ಪತ್ರವೇ ಖಾಲಿ. ಅಕ್ಷರದಲ್ಲಿ ಬರೆಯಿರಿ, ಮುಖಪುಟದ ಒಂದು ಸಣ್ಣ ಚಿತ್ರ ಸಾಕು. ಕನ್ನಡದ ಅಕ್ಷರ ಇಂಗ್ಲಿಷಿನದಕ್ಕಿಂತ ಸ್ವಲ್ಪ ದೊಡ್ಡದಾಗಿರಲಿ, ಸಾಲುಗಳ ನಡುವೆ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ.

ಇನ್ನೊಂದು ಸೂಕ್ಷ್ಮ. ಸುಮಾರು 102 ಕೆಬಿಗಿಂತ ದೊಡ್ಡ ಮೇಲ್ ಬಂದರೆ ಜಿಮೇಲ್ ಅದನ್ನು ಅರ್ಧಕ್ಕೆ ಕತ್ತರಿಸಿ ತೋರಿಸುತ್ತದೆ. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 18 ಬೈಟ್! ನಾನೂರು ಪದದ ಪತ್ರಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ವರ್ಡ್ ಕಡತದಿಂದ ಉದ್ದನೆಯ ಪ್ರಬಂಧವನ್ನು ಹಾಗೇ ಅಂಟಿಸಿದಾಗ ಕಾಣದ ಅಲಂಕಾರದ ಕಸವೆಲ್ಲ ಜೊತೆಗೆ ಬರುತ್ತದೆ, ಪತ್ರ ಊದಿಕೊಳ್ಳುತ್ತದೆ. ಕತ್ತರಿ ಬೀಳುವುದು ಕೊನೆಯ ಭಾಗಕ್ಕೆ. ಕೊಳ್ಳುವ ಲಿಂಕ್ ಇರುವುದೂ ಅಲ್ಲೇ. ಬರೀ ಪಠ್ಯವಾಗಿ ಅಂಟಿಸಿ.

ಪತ್ರ ಬರೆಯುವುದು

ಈಗ ನಿಜವಾದ ಕೆಲಸ. ಹೊಸ ಲೇಖಕರ ಮೇಲ್ ಹೀಗೆ ಶುರುವಾಗುತ್ತದೆ: "ಸಹೃದಯ ಓದುಗ ಮಹಾಶಯರೇ, ನನ್ನ ಚೊಚ್ಚಲ ಕೃತಿಯು ಇತ್ತೀಚೆಗೆ ಲೋಕಾರ್ಪಣೆಗೊಂಡಿದ್ದು, ತಾವು ಕೊಂಡು ಓದಿ ಪ್ರೋತ್ಸಾಹಿಸಬೇಕಾಗಿ ವಿನಂತಿ." ಇದನ್ನು ಓದಿದವರಿಗೆ ಒಳಗಿನ ಪುಸ್ತಕವೂ ಹೀಗೇ ಇರುತ್ತದೆ ಅಂತ ಅನ್ನಿಸದೇ ಇರುತ್ತದಾ? "ಪ್ರೋತ್ಸಾಹಿಸಿ" ಅನ್ನುವ ಪದವನ್ನೇ ಬಿಟ್ಟುಬಿಡಿ. ಓದುಗರು ನಿಮಗೆ ಉಪಕಾರ ಮಾಡಲು ಬಂದವರಲ್ಲ.

ನಾನು ಕಳಿಸಿದ ಒಂದು ಪತ್ರ ತೋರಿಸುತ್ತೇನೆ. ವಿಷಯದ ಸಾಲು (ಸಬ್ಜೆಕ್ಟ್): "ನೀವು ರೈಟರ್ರಾ?"

"ನಮಸ್ಕಾರ. ನಿನ್ನೆ ಕೊರಿಯರ್ ಹುಡುಗ ಬಂದಿದ್ದ. ನಾನು ಕೊಟ್ಟ ಕವರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

'ಸಾರ್, ನೀವು ರೈಟರ್ರಾ?'

ಎದೆ ಉಬ್ಬಿತು. 'ಹೌದಪ್ಪ. ಹೇಗೆ ಗೊತ್ತಾಯ್ತು?'

'ಅಡ್ರೆಸ್ ಒಂದೂ ಓದಕ್ಕಾಗ್ತಿಲ್ಲ ಸಾರ್. ನಮ್ ಡಾಕ್ಟ್ರದ್ದೂ ಹಿಂಗೇ ಇರುತ್ತೆ. ಅದಕ್ಕೆ ಎರಡರಲ್ಲಿ ಯಾವುದು ಅಂತ ಕೇಳ್ದೆ.'

ಅಂದ ಹಾಗೆ, ಈಗ ಅಡ್ರೆಸ್‌ಗಳನ್ನು ಪ್ರಿಂಟ್ ತೆಗೆದು ಅಂಟಿಸುತ್ತಿದ್ದೇನೆ. ಪುಸ್ತಕ ಬೇಕಿದ್ದವರು ಇಲ್ಲಿ ಒತ್ತಿ, ಖಂಡಿತ ನಿಮ್ಮ ಮನೆಗೇ ಬರುತ್ತದೆ."

ಇಷ್ಟೇ. ಇದರಲ್ಲಿ ಮೂರು ಸಂಗತಿ ಗಮನಿಸಿ. ವಿಷಯದ ಸಾಲು ಜೋಕನ್ನು ಬಿಟ್ಟುಕೊಡುವುದಿಲ್ಲ. "ಕೊರಿಯರ್ ಹುಡುಗ ನನ್ನ ಅಕ್ಷರ ನೋಡಿ ಬೈದ ಕಥೆ" ಅಂತ ಹಾಕಿದ್ದರೆ ಪತ್ರ ತೆರೆಯುವ ಮೊದಲೇ ನಗೆ ಮುಗಿದಿರುತ್ತಿತ್ತು. ಎರಡನೆಯದು, ಮಾತುಗಳ ನಡುವೆ ಖಾಲಿ ಸಾಲು ಬಿಟ್ಟಿದ್ದೇನೆ. ಫೋನಿನಲ್ಲಿ ಓದುವವರು ಬೆರಳಿನಿಂದ ಮೇಲಕ್ಕೆ ತಳ್ಳುವ ಆ ಅರೆಗಳಿಗೆಯೇ ನಾಟಕದವರು ಮಾತಿನ ನಡುವೆ ಬಿಡುವ ಮೌನ. ಉತ್ತರದ ಸಾಲು ಪ್ರಶ್ನೆಯ ಜೊತೆಗೇ ಕಣ್ಣಿಗೆ ಬಿದ್ದರೆ ಸೊಗಸಿಲ್ಲ. ಮೂರನೆಯದು, ಮಾರಾಟದ ಮಾತು ಜೋಕಿನ ಬಾಲ ಹಿಡಿದುಕೊಂಡೇ ಬರುತ್ತದೆ. ಬೇರೆ ಪ್ಯಾರಾದಲ್ಲಿ ಬಂದು "ಈಗ ಒಂದು ಸಣ್ಣ ಜಾಹೀರಾತು" ಅನ್ನುವುದಿಲ್ಲ.

ವಿಷಯದ ಸಾಲಿನ ಪಕ್ಕದಲ್ಲಿ ಪತ್ರದ ಮೊದಲ ಸಾಲೂ ತೆಳುವಾಗಿ ಕಾಣುತ್ತದೆ, ಗಮನಿಸಿದ್ದೀರಾ? ಅಲ್ಲಿ ಏನು ಕಾಣಬೇಕು ಎಂದು ಬಹುತೇಕ ಸೇವೆಗಳಲ್ಲಿ ನೀವೇ ಬರೆಯಬಹುದು. ಬರೆಯದಿದ್ದರೆ "ಈ ಪತ್ರ ಕಾಣಿಸದಿದ್ದರೆ ಇಲ್ಲಿ ಒತ್ತಿ" ಎಂಬ ಸಾಲು ಬಂದು ಕೂರುತ್ತದೆ. ನನ್ನ ಮೊದಲ ನಾಲ್ಕು ಪತ್ರಗಳಲ್ಲಿ ಹಾಗೇ ಆಗಿತ್ತು. ವಿಷಯದ ಸಾಲು ಐದಾರು ಪದ ದಾಟಬಾರದು, ಫೋನಿನಲ್ಲಿ ಉಳಿದದ್ದು ಕಾಣುವುದೇ ಇಲ್ಲ. ಬರೆದ ಮೇಲೆ ಮೊದಲು ನಿಮಗೇ ಒಂದು ಕಳಿಸಿಕೊಂಡು ಫೋನಿನಲ್ಲಿ ಓದಿ.

ಪತ್ರ ಮುನ್ನೂರು ನಾನೂರು ಪದ ಸಾಕು. ಒಂದು ಪತ್ರಕ್ಕೆ ಒಂದೇ ಪ್ರಸಂಗ. ಪುಸ್ತಕದ ತುಂಡುಗಳನ್ನೇ ಪ್ರತಿ ಸಲ ಕಳಿಸಬೇಡಿ. ಹೊಸದು ಬರೆಯಿರಿ, ಮೂರಕ್ಕೊಮ್ಮೆ ಪುಸ್ತಕದ್ದು ಒಂದು ಪ್ಯಾರಾ ಹಾಕಿ. ಅದನ್ನೂ ನಗು ಇನ್ನೇನು ಸ್ಫೋಟ ಆಗಬೇಕು ಅನ್ನುವಲ್ಲಿ ನಿಲ್ಲಿಸಿ ಸತಾಯಿಸಬೇಡಿ. ಧಾರಾವಾಹಿಗೆ ಅದು ಸರಿ. ಹಾಸ್ಯದಲ್ಲಿ ಒಂದು ನಗೆಯನ್ನಾದರೂ ಪೂರ್ತಿ ಕೊಡಬೇಕು. ಒಂದು ಹೋಳು ಬಾಯಿಗೆ ಹಾಕಿ ನೋಡಲು ಕೊಡದ ಹಲಸಿನ ಹಣ್ಣಿನವನ ಹತ್ತಿರ ಯಾರು ವ್ಯಾಪಾರ ಮಾಡುತ್ತಾರೆ?

ಹೆಂಡತಿ ಜೋಕು, ದಪ್ಪಗಿರುವವರ ಜೋಕು, ಬೇರೆ ಊರಿನವರ ಮಾತಿನ ಜೋಕು ಬಗ್ಗೆ ಒಂದು ಮಾತು. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಮಂಡ್ಯದ ಕನ್ನಡ ಎಲ್ಲವುಗಳಲ್ಲೂ ಬೇಕಾದಷ್ಟು ನಗೆ ಇದೆ. ಆದರೆ ಆ ಮಾತನ್ನು ಆಡುವವರು ಓದಿದರೂ ನಗಬೇಕು. ಮೇಲ್ ಹೋಗುವುದು ಒಬ್ಬೊಬ್ಬರ ಕೈಗೆ. ಸಭೆಯಲ್ಲಿ ಪಕ್ಕದವರು ನಕ್ಕರೆಂದು ನಾವೂ ನಕ್ಕುಬಿಡುತ್ತೇವೆ. ಇಲ್ಲಿ ಪಕ್ಕದವರಿಲ್ಲ. ಒಬ್ಬರೇ ಕೂತು ಓದುವಾಗ ಚುಚ್ಚಿದ್ದು ಚುಚ್ಚಿದ ಹಾಗೇ ಇರುತ್ತದೆ. ನನ್ನ ಅನುಭವದಲ್ಲಿ ಎಂದೂ ಕೈಕೊಡದ ವಿಷಯ ಒಂದೇ, ನಮ್ಮ ಸ್ವಂತ ಪೇಚಾಟ.

ಎಷ್ಟು ದಿನಕ್ಕೊಮ್ಮೆ? ನಾನು ಹದಿನೈದು ದಿನಕ್ಕೊಮ್ಮೆ, ಶನಿವಾರ ಬೆಳಿಗ್ಗೆ ಏಳಕ್ಕೆ ಕಳಿಸುತ್ತೇನೆ. ಇಲ್ಲಿಯವರಿಗೆ ಕಾಫಿಯ ಹೊತ್ತು. ಅಮೆರಿಕದ ಪಶ್ಚಿಮ ಕರಾವಳಿಯ ಕನ್ನಡಿಗರಿಗೆ ಶುಕ್ರವಾರ ಸಂಜೆ, ವಾರದ ಕೆಲಸ ಮುಗಿಸಿ ಊರು ನೆನಪಾಗುವ ಹೊತ್ತು. ನಿಮಗೆ ತಿಂಗಳಿಗೊಂದೇ ಆಗುವುದಾದರೆ ಹಾಗೇ ಮಾಡಿ, ದಿನ ಮಾತ್ರ ತಪ್ಪಿಸಬೇಡಿ. ಮೂರು ಪತ್ರ ಬರೆದಿಟ್ಟುಕೊಂಡು ಮೊದಲನೆಯದನ್ನು ಕಳಿಸಿ. ನಗು ಬಾರದ ವಾರಗಳೂ ಇರುತ್ತವೆ.

ಕೊಳ್ಳಿ ಅಂತ ಕೇಳುವುದು

ನಗಿಸುತ್ತಲೇ ಇದ್ದು ದುಡ್ಡಿನ ಮಾತು ಬಂದಾಗ ನಾಚಿಕೊಳ್ಳುವವರು ನಮ್ಮಲ್ಲಿ ಬಹಳ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಮಗೆ ಒಂದು ಲಿಂಕ್ ಹಾಕಲು ಸಂಕೋಚ!

ಬಿಡುಗಡೆಯ ಸುತ್ತ ಮೂರು ಪತ್ರ ಸಾಕು. ಹತ್ತು ದಿನ ಮೊದಲು ಒಂದು, ಪ್ರಕಟಣಪೂರ್ವ ರಿಯಾಯಿತಿಯ ಜೊತೆಗೆ. ಬಿಡುಗಡೆಯ ದಿನ ಒಂದು, ನಾಲ್ಕೇ ಸಾಲು. ಒಂದು ವಾರ ಬಿಟ್ಟು ಇನ್ನೊಂದು, ಸಮಾರಂಭದಲ್ಲಿ ಏನೇನು ಎಡವಟ್ಟಾಯಿತು ಎಂಬ ವರದಿ. ನನಗೆ ಜಾಸ್ತಿ ಆರ್ಡರ್ ಬಂದದ್ದು ಮೂರನೆಯದರಿಂದ. ಅಧ್ಯಕ್ಷರು ಇಡೀ ಭಾಷಣದಲ್ಲಿ ಪುಸ್ತಕದ ಹೆಸರನ್ನು ಎರಡು ಬಗೆಯಲ್ಲಿ ತಪ್ಪಾಗಿ ಹೇಳಿದ್ದರು. ಎರಡೂ ನಾನಿಟ್ಟ ಹೆಸರಿಗಿಂತ ಚೆನ್ನಾಗಿದ್ದವು ಅಂತ ಬರೆದಿದ್ದೆ.

ದುಡ್ಡಿನ ಲೆಕ್ಕ ಒಂದು ಉದಾಹರಣೆಯಿಂದ ನೋಡೋಣ. ಪುಸ್ತಕದ ಬೆಲೆ 180 ರೂಪಾಯಿ ಅಂದುಕೊಳ್ಳಿ. ಮಾರಾಟಗಾರರಿಗೆ ಶೇ. 40 ರಿಯಾಯಿತಿಯಲ್ಲಿ ಕೊಟ್ಟರೆ ನಿಮಗೆ ಉಳಿಯುವುದು 108, ಅದೂ ಪುಸ್ತಕ ಮಾರಾಟವಾದ ಮೇಲೆ, ನೀವು ನಾಲ್ಕು ಸಲ ಫೋನ್ ಮಾಡಿದ ಮೇಲೆ. ಮೇಲ್ ಓದುಗರಿಗೆ ಅಂಚೆ ವೆಚ್ಚ ಸೇರಿ ಅದೇ 180ಕ್ಕೆ ಕಳಿಸಿ. ಕವರಿಗೂ ಅಂಚೆಗೂ ಮೂವತ್ತು ಹೋಯಿತು ಅಂದರೂ 150 ಉಳಿಯುತ್ತದೆ, ದುಡ್ಡು ಮೊದಲೇ ಬಂದಿರುತ್ತದೆ. ಹಾಗೆಂದು ಅಂಗಡಿಗಳನ್ನು ಬಿಡಬೇಡಿ. ಅಲ್ಲಿ ಕಣ್ಣಿಗೆ ಬಿದ್ದ ಪುಸ್ತಕವನ್ನೇ ಜನ ಆಮೇಲೆ ಹುಡುಕುವುದು. ಐಎಸ್‌ಬಿಎನ್ ಸಂಖ್ಯೆ ಮಾಡಿಸಿಕೊಳ್ಳಿ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ಅಂಚೆ ಇಲಾಖೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಶುರು ಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಅದು. ನಿಮ್ಮ ಹಾಸ್ಯ ಸಂಸ್ಕೃತಿಯ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ವಿಮರ್ಶಕರಿಗಿಂತ ಬೇಗ ತೀರ್ಪು ಸಿಗುತ್ತದೆ.

ಆರ್ಡರ್ ತೆಗೆದುಕೊಳ್ಳಲು ಗೂಗಲ್ ಫಾರ್ಮ್, ಯುಪಿಐ ಕೋಡ್ ಸಾಕು. ಸ್ಕ್ರೀನ್‌ಶಾಟ್ ನೋಡಿ ಪುಸ್ತಕ ಕಳಿಸಬೇಡಿ, ಖಾತೆಗೆ ದುಡ್ಡು ಬಂದಿದೆಯಾ ನೋಡಿ. ಫಾರ್ಮಿನಲ್ಲಿ ಹೆಸರು, ವಿಳಾಸ, ಪಿನ್‌ಕೋಡ್, ಫೋನ್ ಜೊತೆಗೆ "ಯಾರ ಹೆಸರಿಗೆ ಸಹಿ ಮಾಡಿಕೊಡಲಿ? ಕನ್ನಡದಲ್ಲೇ ಬರೆಯಿರಿ" ಎಂಬ ಪ್ರಶ್ನೆ ಹಾಕಿ. ಕನ್ನಡದಲ್ಲೇ ಅನ್ನುವುದು ಮುಖ್ಯ. ಇಂಗ್ಲಿಷಿನಲ್ಲಿ ಬರೆದ ಒಂದು ಹೆಸರು ನೋಡಿ ನಾನು "ರಾಮ ಅವರಿಗೆ, ಪ್ರೀತಿಯಿಂದ" ಅಂತ ಬರೆದು ಕಳಿಸಿದೆ. ಅವರು ರಮಾ. ಇನ್ನೊಂದು ಪ್ರತಿ ಕಳಿಸಿದೆ. ಮೊದಲ ಪ್ರತಿಯನ್ನು ಏನು ಮಾಡಿದಿರಿ ಅಂದರೆ, "ನಮ್ಮ ಭಾವನ ಹೆಸರು ರಾಮ, ಅವರಿಗೆ ಮಾರಿದೆ" ಅಂದರು. ಮಾರಾಟ ಹೇಗೆ ಅಂತ ಅವರಿಂದ ಕಲಿಯಬೇಕು.

ಹೊರದೇಶಕ್ಕೆ ಪುಸ್ತಕ ಕಳಿಸಿದರೆ ಅಂಚೆ ವೆಚ್ಚವೇ ಪುಸ್ತಕದ ಬೆಲೆಯನ್ನು ನುಂಗುತ್ತದೆ. ಅಲ್ಲಿಯವರಿಗೆ ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಥರದ ಕಡೆ ಇ-ಪುಸ್ತಕ ಹಾಕಿ. ಜೊತೆಗೆ ಪತ್ರದಲ್ಲಿ ಒಂದು ಸಾಲು: "ಊರಲ್ಲಿರುವ ಅಪ್ಪ ಅಮ್ಮನ ವಿಳಾಸ ಕೊಡಿ, ಅವರ ಹೆಸರಿಗೇ ಸಹಿ ಮಾಡಿ ಕಳಿಸುತ್ತೇನೆ." ಇದಕ್ಕೆ ಬಂದಷ್ಟು ಉತ್ತರ ಯಾವ ರಿಯಾಯಿತಿಗೂ ಬಂದಿಲ್ಲ. ಮಗ ಹೂಸ್ಟನ್ನಿನಲ್ಲಿ ದುಡ್ಡು ಕಟ್ಟುತ್ತಾನೆ, ಅಪ್ಪ ಶಿರಸಿಯಲ್ಲಿ ಓದುತ್ತಾರೆ. ಓದಿದ ಅಪ್ಪ ಫೋನ್ ಮಾಡಿ ಮಗನಿಗೆ ಓದಿ ಹೇಳುತ್ತಾರೆ.

ಗೌರವ ಪ್ರತಿಯ ಕಾಟಕ್ಕೂ ಮೇಲ್ ಒಂದು ಮದ್ದು. "ನಮಗೊಂದು ಕಾಪಿ ಕೊಡ್ಲಿಲ್ವಲ್ಲ" ಅಂದವರಿಗೆ ಪಟ್ಟಿಗೆ ಸೇರುವ ಲಿಂಕ್ ಕಳಿಸಿ. ಕೈಬಿಟ್ಟ ಪ್ರಬಂಧ ಉಚಿತವಾಗಿ ಸಿಗುತ್ತದೆ.

ಉತ್ತರಗಳು, ಅಂಕಿಗಳು

ಎಷ್ಟು ಜನ ಪತ್ರ ತೆರೆದರು ಅಂತ ಎಲ್ಲ ಸೇವೆಗಳೂ ಶೇಕಡಾವಾರು ತೋರಿಸುತ್ತವೆ. ಅದನ್ನು ನೋಡಿ ಹಿಗ್ಗಬೇಡಿ, ಕುಗ್ಗಬೇಡಿ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್ ಓದುಗರ ಗುಟ್ಟು ಕಾಯಲು ಪತ್ರದೊಳಗಿನ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುತ್ತದೆ. ಚಿತ್ರ ಇಳಿದರೆ ಪತ್ರ ತೆರೆದರೆಂದೇ ಸೇವೆಗಳ ಎಣಿಕೆ, ಹಾಗಾಗಿ ಓದದೇ ಇದ್ದವರೂ ಓದಿದವರ ಲೆಕ್ಕಕ್ಕೆ ಬರುತ್ತಾರೆ. ನಾನು ಎಣಿಸುವುದು ಎರಡೇ: ಎಷ್ಟು ಉತ್ತರ ಬಂತು, ಎಷ್ಟು ಆರ್ಡರ್ ಬಂತು.

ಉತ್ತರ ಬರಬೇಕಾದರೆ ಕೇಳಬೇಕು. "ಅಭಿಪ್ರಾಯ ತಿಳಿಸಿ" ಅಂದರೆ "ಚೆನ್ನಾಗಿದೆ" ಅಂತ ಬರುತ್ತದೆ, ಅಷ್ಟೇ. "ನಿಮ್ಮ ಮನೆಯಲ್ಲಿ ಟಿವಿ ರಿಮೋಟ್ ಕಳೆದುಹೋದಾಗ ಕೊನೆಗೆ ಎಲ್ಲಿ ಸಿಕ್ಕಿತ್ತು?" ಅಂತ ಕೇಳಿ ನೋಡಿ. ನನಗೆ ಇಪ್ಪತ್ತೆರಡು ಉತ್ತರ ಬಂದವು. ಅದರಲ್ಲೊಂದು ಫ್ರಿಜ್ಜಿನೊಳಗೆ, ಮೊಸರಿನ ಪಾತ್ರೆಯ ಪಕ್ಕದಲ್ಲಿ. ಅವರ ಒಪ್ಪಿಗೆ ಪಡೆದು ಮುಂದಿನ ಪತ್ರದಲ್ಲಿ ಹಾಕಿದೆ. ಒಪ್ಪಿಗೆ ಕೇಳುವುದನ್ನು ಮರೆಯಬೇಡಿ, ಹೆಸರು ಹಾಕಬಹುದಾ ಅಂತಲೂ ಕೇಳಿ. ತಮ್ಮ ಮಾತು ಅಚ್ಚಾದವರು ಆ ಪತ್ರವನ್ನು ಹತ್ತು ಜನರಿಗೆ ಕಳಿಸುತ್ತಾರೆ. ಉತ್ತರ ಬರುವ ವಿಳಾಸ ನೀವು ದಿನಾ ನೋಡುವಂಥದ್ದೇ ಇರಲಿ. ಪ್ರತಿಯೊಂದಕ್ಕೂ ಒಂದು ಸಾಲಾದರೂ ಬರೆಯಿರಿ. ಪುಸ್ತಕ ಓದಿ ಖುಷಿಪಟ್ಟವರಿಗೆ "ಈ ಮಾತನ್ನೇ ಆನ್‌ಲೈನ್ ಅಂಗಡಿಯ ಪುಟದಲ್ಲಿ ಹಾಕ್ತೀರಾ?" ಅಂತ ಕೇಳಿ. ಬಹಳ ಜನ ಹಾಕುತ್ತಾರೆ. ಯಾರೂ ಕೇಳಿರುವುದಿಲ್ಲ, ಅಷ್ಟೇ.

ಪ್ರತಿ ಪತ್ರಕ್ಕೂ ಒಬ್ಬಿಬ್ಬರು ಪಟ್ಟಿಯಿಂದ ಹೊರಹೋಗುತ್ತಾರೆ. ಯಾರು ಅಂತ ನೋಡಲು ಹೋಗಬೇಡಿ. ನಾನು ನೋಡಿದೆ. ನಮ್ಮ ಚಿಕ್ಕಪ್ಪ.

ಬಿಡುಗಡೆಯ ಬಿಸಿ ಆರಿದ ಮೇಲೆ ಪುಸ್ತಕ ಹೋಗುವುದು ಸಂದರ್ಭ ನೋಡಿ. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪಕ್ಕೆ ಒಂದು ಪತ್ರ ಬರೆಯಿರಿ, ಆ ತಿಂಗಳು ಕನ್ನಡ ಪುಸ್ತಕ ಕೊಳ್ಳುವವರು ಜಾಸ್ತಿ. ಇನ್ನೊಂದು ಮದುವೆ, ಗೃಹಪ್ರವೇಶಗಳ ಕಾಲಕ್ಕೆ. ತಾಂಬೂಲದ ಜೊತೆ ಸ್ಟೀಲ್ ಡಬ್ಬಿ ಬದಲು ಪುಸ್ತಕ ಕೊಡುವವರು ಈಗ ಇದ್ದಾರೆ, ಅದಕ್ಕೆ ನಗೆ ಪುಸ್ತಕದಷ್ಟು ಹೊಂದುವುದು ಇನ್ನೊಂದಿಲ್ಲ. "ಐವತ್ತಕ್ಕಿಂತ ಹೆಚ್ಚು ಪ್ರತಿ ಬೇಕಿದ್ದರೆ ಈ ಮೇಲ್‌ಗೇ ಉತ್ತರ ಬರೆಯಿರಿ, ದರ ಮಾತಾಡೋಣ" ಎಂದು ಒಂದು ಸಾಲು ಹಾಕಿ. ಹೋದ ತಿಂಗಳು ಓದುಗರೊಬ್ಬರು ತಂದೆಯ ಷಷ್ಟ್ಯಬ್ದಿಗೆ ಅರವತ್ತು ಪ್ರತಿ ತರಿಸಿಕೊಂಡರು. ಬಂಡಲು ಮಂಚದ ಕೆಳಗಿಂದ ಎಳೆಯಲು ಭಾವನನ್ನು ಕರೆದೆ. ಅವರು ಒಂದು ಪ್ರತಿ ಕೈಗೆತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು ನಾಲ್ಕನೇ ಪ್ರಬಂಧ ಓದಿದರು. ಎರಡು ಸಲ ನಕ್ಕರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹೇಳಿದರು: "ಇದನ್ನ ವಾಟ್ಸಾಪಿಂದ ಎತ್ತಿದ್ದೀಯಲ್ಲೋ."